ಥಂಡಿಗಿ ಹಂಗೇ ಆಗ್ತದ

ಸುಲ್ತಾನ್ ಬಜಾರಿನಲ್ಲಿ ಕಾರು ಇಟ್ಟುಕೊಳ್ಳುವುದೆಂದರೆ ಬಡವನ ಮನೆಯಲ್ಲಿ ಆನೆ ಕಟ್ಟಿದ ಹಾಗೆ. ನಿಲ್ಲಿಸಲು ಜಾಗವಿಲ್ಲ, ಓಡಿಸಲು ದಾರಿಯಿಲ್ಲ. ಹೈದರಾಬಾದ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೋಡದವರು ಬೆಂಗಳೂರಿನ ಚಿಕ್ಕಪೇಟೆಯನ್ನು ನೆನಪಿಸಿಕೊಂಡರೆ ಸಾಕು. ಕೋಠಿಯಿಂದ ಬಡಿ ಚೌಡಿಯ ಕಡೆಗೆ ಹೊರಟರೆ ಎರಡೂ ಬದಿಗೆ ಸೀರೆ, ದುಪಟ್ಟಾ, ಬಳೆ, ಲೇಸುಗಳ ಅಂಗಡಿ. ಅಂಗಡಿಯ ಮುಂದೆ ಫುಟ್‌ಪಾತ್ ವ್ಯಾಪಾರಿ, ಅವನ ಮುಂದೆ ತಳ್ಳುಗಾಡಿ. ಉಳಿದ ನಾಲ್ಕು ಅಡಿಯಲ್ಲಿ ಊರಿನ ಹೆಂಗಸರೆಲ್ಲ. ಬ್ರಿಟಿಷ್ ರೆಸಿಡೆಂಟನ ಬಂಗಲೆ ಪಕ್ಕದಲ್ಲಿದ್ದ ಕಾಲಕ್ಕೆ ಇದು ರೆಸಿಡೆನ್ಸಿ ಬಜಾರ್. ಆ ಬಂಗಲೆಯಲ್ಲಿ ಆಮೇಲೆ ಹೆಣ್ಣುಮಕ್ಕಳ ಕಾಲೇಜು ಬಂತು, ಈಗ ಅದೇ ಮಹಿಳಾ ವಿಶ್ವವಿದ್ಯಾಲಯ. 1901ರಲ್ಲಿ ಶುರುವಾದ ತೆಲುಗು ಗ್ರಂಥಾಲಯವೂ ಇದೇ ಪೇಟೆಯಲ್ಲಿದೆ. ಅದರ ಹೆಸರು ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ. ನಮ್ಮ ಹಂಪಿಯ ರಾಯನ ಹೆಸರನ್ನು ಆ ಬೋರ್ಡಿನ ಮೇಲೆ ಓದಿದಾಗಲೆಲ್ಲ, ಇಲ್ಲಿ ಪರಕೀಯ ಯಾರು ಅಂತ ನನಗೆ ತಿಳಿಯದಾಗುತ್ತಿತ್ತು.

ನಾನು ಬೀದರಿನವನು. 1956ರ ನವೆಂಬರ್ 1ರ ತನಕ ಬೀದರಿನವರಿಗೆ ಹೈದರಾಬಾದೇ ರಾಜಧಾನಿ. ಹೀಗಾಗಿ 'ಊರು ಬಿಟ್ಟು ಬಂದೆ' ಅಂತ ಹೇಳಿಕೊಳ್ಳಲು ನನಗೆ ಯಾವಾಗಲೂ ಸಂಕೋಚ. ಸಂಗಾರೆಡ್ಡಿ, ಸದಾಶಿವಪೇಟ, ಜಹೀರಾಬಾದ್ ದಾಟಿದರೆ ಬೀದರ್. ಕಾರಿನಲ್ಲಿ ಹೆಚ್ಚೆಂದರೆ ಮೂರು ತಾಸು. ಅಮೆರಿಕದಲ್ಲಿರುವವರು ಎರಡು ವರ್ಷಕ್ಕೊಮ್ಮೆ ಬಂದು ತಂದೆತಾಯಿಯ ಮುಖವನ್ನು ಕಣ್ಣಿಟ್ಟು ನೋಡುತ್ತಾರೆ, ತೆಳ್ಳಗಾಗಿದ್ದಾರೆ, ಕೂದಲು ಬೆಳ್ಳಗಾಗಿದೆ ಅಂತ ಗುರುತಿಸುತ್ತಾರೆ. ಮೂರು ತಾಸಿನ ದಾರಿಯವರಿಗೆ ಆ ಭಾಗ್ಯವಿಲ್ಲ. ಬೇಕಾದಾಗ ಹೋದರಾಯಿತು ಅಂತ ನಾವು ಇಲ್ಲೇ ಇರುತ್ತೇವೆ. ಹೋದಾಗಲೂ ವಾಪಸು ಹೊರಡುವ ಹೊತ್ತನ್ನೇ ಲೆಕ್ಕ ಹಾಕುತ್ತಿರುತ್ತೇವೆ.

ಬಡಿ ಚೌಡಿಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆ. ಕೆಳಗಿನ ಮಾಲೀಕರು ಮರಾಠಿಯವರು. ಮನೆಯೊಳಗೆ ಕನ್ನಡ, ಅಂಗಳದಲ್ಲಿ ಮರಾಠಿ, ಬ್ಯಾಂಕಿನ ಕೌಂಟರಿನಲ್ಲಿ ತೆಲುಗು, ಗ್ಯಾರೇಜಿನಲ್ಲಿ ದಖ್ಖನಿ ಉರ್ದು. ಬೀದರಿನವನಿಗೆ ಇದು ಕಷ್ಟವೇನಲ್ಲ. ಆ ಮನೆಗೆ ಒಂದು ಅಂಗಳವಿತ್ತು, ಅದಕ್ಕೆ ಶಹಾಬಾದ್ ಫರಸಿ ಹಾಸಿತ್ತು. 2005ರಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡ ಮೂರು ಸಿಲಿಂಡರಿನ ಚಿಕ್ಕ ಬಿಳಿ ಕಾರು ಅಲ್ಲೇ ನಿಲ್ಲುತ್ತಿತ್ತು. ಉಪ್ಪಲ್‌ನಲ್ಲಿದ್ದ ನಮ್ಮ ಬ್ರಾಂಚಿಗೆ ಅದರಲ್ಲೇ ಓಡಾಟ. ಮೂರು ಬೇಸಿಗೆ ಅದು ನನಗೆ ಒಂದು ಮಾತೂ ಹೇಳಲಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಚಾದರಘಾಟಿನ ಟ್ರಾಫಿಕ್ಕಿನಲ್ಲಿ ನಾನೇ ಕಾಯ್ದು ಕೆಂಪಾಗುತ್ತಿದ್ದೆ, ಕಾರಿನ ಟೆಂಪರೇಚರ್ ಮುಳ್ಳು ಮಾತ್ರ ಅರ್ಧಕ್ಕಿಂತ ಮೇಲೆ ಏರುತ್ತಿರಲಿಲ್ಲ.

ಅದು ಕೈಕೊಡಲು ಶುರು ಮಾಡಿದ್ದು 2008ರ ನವೆಂಬರಿನಲ್ಲಿ, ಚಳಿ ಬಿದ್ದ ಮೇಲೆ.

ಒಂದು ಮುಂಜಾನೆ ಬಾನೆಟ್ ಎತ್ತಿ ನೋಡಿದರೆ ನೀರಿನ ಬಾಟಲಿ ಕೆಳಗಿನ ಗೆರೆಗಿಂತ ಕೆಳಗೆ. ನಲ್ಲಿ ನೀರು ಹಿಡಿದು ತುಂಬಿಸಿದೆ. ಹೈದರಾಬಾದಿನ ಕುಡಿಯುವ ನೀರಿನಲ್ಲಿ ಒಂದು ಪಾಲು ಮಾಂಜ್ರಾ ನದಿಯದು, ಅದು ಬೀದರ್ ಜಿಲ್ಲೆಯನ್ನು ಹಾಯ್ದೇ ಈ ಕಡೆ ಬರುತ್ತದೆ. ಊರಿನ ನೀರು ಊರಿನವನ ಕಾರಿಗೆ ಸೇರಿತು ಅಂತ ಹೆಂಡತಿಯ ಮುಂದೆ ಜೋಕು ಮಾಡಿದೆ. ನಾಲ್ಕು ದಿನಕ್ಕೆ ಬಾಟಲಿ ಮತ್ತೆ ಖಾಲಿ, ಮತ್ತೆ ತುಂಬಿಸಿದೆ. ಜೋಕು ಸಾಕಾಯಿತು. ಸೋರುತ್ತಿದೆಯೇ ಅಂತ ಬಗ್ಗಿ ನೋಡಿದೆ. ಶಹಾಬಾದ್ ಕಲ್ಲಿನ ಮೇಲೆ ಒಂದು ಹನಿ ಬಿದ್ದರೂ ಕಪ್ಪಗೆ ಕಲೆ ಕಾಣುತ್ತದೆ. ಒಂದು ಹನಿಯೂ ಇಲ್ಲ. ರಾತ್ರಿ ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿಟ್ಟೆ. ಬೆಳಗ್ಗೆ ಪೇಪರ್ ಒಣಗಿದ್ದದ್ದು ಒಣಗಿದ ಹಾಗೇ ಇತ್ತು.

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿದ್ದಿತ್ತು. ಮುಂಜಾನೆ ಸೆಲ್ಫ್ ಹೊಡೆದ ಕೂಡಲೇ ಎಂಜಿನ್ ಒಂದೆರಡು ಕ್ಷಣ ಕುಂಟಿದಂತೆ ನಡುಗಿ, ಆಮೇಲೆ ಸರಿಹೋಗುತ್ತಿತ್ತು. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿತ್ತು. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಮಾಲೀಕರು ಅದನ್ನು ನೋಡಿ ಅಂದರು, "ಥಂಡೀತ ಅಸಂಚ ಹೋತಂ." ಥಂಡಿಗೆ ಹಾಗೇ ಆಗುತ್ತದೆ. ನನಗೂ ಹಾಗೇ ಅನ್ನಿಸಿತು. ಚಳಿಗೆ ನಮ್ಮ ಬಾಯಿಂದಲೂ ಹೊಗೆ ಬರುತ್ತದಲ್ಲ! ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿ ತಣ್ಣನೆಯ ಗಾಳಿಯಲ್ಲಿ ಬೆಳ್ಳಗೆ ಕಾಣುವುದು ಸಹಜ. ಎಲ್ಲ ಕಾರಿನಿಂದಲೂ ಬರುತ್ತದೆ, ಐದು ನಿಮಿಷಕ್ಕೆ ನಿಲ್ಲುತ್ತದೆ. ನಮ್ಮ ಕಾರಿನದು ಹತ್ತು ನಿಮಿಷ ಇರುತ್ತಿತ್ತು. ಆ ಹೆಚ್ಚಿನ ಐದು ನಿಮಿಷವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮನೆ ಹತ್ತಿರದ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದೆ. ಅವನು ರೇಡಿಯೇಟರಿನ ಮುಚ್ಚಳ ಬದಲಿಸಿದ. "ನಮ್ಮ ದೇಶಕ್ಕೆ ಇದು ಬೇಡವೇ ಬೇಡ ಸಾರ್" ಅಂತ ಥರ್ಮೋಸ್ಟಾಟ್ ವಾಲ್ವನ್ನೂ ಬಿಚ್ಚಿ ನನ್ನ ಕೈಗಿಟ್ಟ. ಎಂಜಿನ್ ತಣ್ಣಗಿರುವಾಗ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು, ಸುಮಾರು 82 ಡಿಗ್ರಿಗೆ ಬಂದಾಗ ಬಾಗಿಲು ತೆಗೆಯುವ ಕಾವಲುಗಾರ ಅದು. ಬಾಗಿಲು ಮುಚ್ಚಿಕೊಂಡೇ ಉಳಿದರೆ ಎಂಜಿನ್ ಕುದಿಯುತ್ತದೆ, ನಿಜ. ಅದಕ್ಕೆ ಹೊಸದು ಹಾಕಬೇಕೇ ಹೊರತು ಕಾವಲುಗಾರನನ್ನೇ ಕೆಲಸದಿಂದ ತೆಗೆಯುವುದಲ್ಲ. ಅದು ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಊರೊಳಗೆ ಮುಳ್ಳು ಅರ್ಧಕ್ಕೂ ಏರಲಿಲ್ಲ. ರೋಗ ಹೋಯಿತು ಅಂದುಕೊಂಡೆ. ನೀರು ಮಾತ್ರ ಮೊದಲಿನಂತೆಯೇ ಕಡಿಮೆಯಾಗುತ್ತಿತ್ತು. ನಾನು ಮೊದಲಿನಂತೆಯೇ ತುಂಬಿಸುತ್ತಿದ್ದೆ.

ಡಿಸೆಂಬರ್ 27, ಶನಿವಾರ. ಎಳ್ಳ ಅಮಾವಾಸ್ಯೆ. ಬೀದರ್-ಕಲಬುರಗಿ ಕಡೆಯವರಿಗೆ ಆ ದಿನ ಏನೆಂದು ಗೊತ್ತು. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಉಂಡು ಬರಬೇಕು. ಬೆಳಗಿನ ಐದಕ್ಕೆ ಹೆಂಡತಿ, ಎರಡು ವರ್ಷದ ಮಗಳೊಂದಿಗೆ ಹೊರಟೆ. ಆಗ ಅದು 9ನೇ ನಂಬರಿನ ಹೆದ್ದಾರಿ, ಈಗ 65. ಪಟಾನ್‌ಚೆರು ದಾಟಿದ ಮೇಲೆ ಚಳಿ ಗಾಜಿನ ಸಂದಿಯಿಂದ ಸೂಜಿಯಂತೆ ಚುಚ್ಚುತ್ತಿತ್ತು. ಸದಾಶಿವಪೇಟೆ ಬಿಟ್ಟು ಸ್ವಲ್ಪ ದೂರಕ್ಕೆ ಮುಳ್ಳು ಏರಲು ಶುರುವಾಯಿತು. ಅರ್ಧ, ಮುಕ್ಕಾಲು, ಕೆಂಪಿನ ಅಂಚು. ನಿಲ್ಲಿಸಬೇಕು ಅನ್ನುವಷ್ಟರಲ್ಲಿ ಇದ್ದಕ್ಕಿದ್ದಂತೆ ಸರ್ರನೆ ಕೆಳಗಿಳಿದುಬಿಟ್ಟಿತು.

"ನೋಡು, ತಾನೇ ಸರಿ ಆಯ್ತು" ಅಂದೆ ಹೆಂಡತಿಗೆ.

ಆ ಮಾತನ್ನು ನೆನೆದರೆ ಇವತ್ತಿಗೂ ನಾಚಿಕೆ. ಮುಳ್ಳು ಇಳಿದದ್ದು ಕಾವು ಇಳಿದದ್ದಕ್ಕಲ್ಲ. ಎಂಜಿನ್ನಿನಲ್ಲಿ ಕಾವನ್ನು ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ನೀರು ಅದಕ್ಕಿಂತ ಕೆಳಗೆ ಹೋದರೆ ಅದು ಬರಿ ಆವಿಯ ನಡುವೆ ನಿಂತು ಸುಳ್ಳು ಹೇಳತೊಡಗುತ್ತದೆ. ಏರುವ ಮುಳ್ಳು ನೋಡಿ ಹೆದರಬೇಕಾದದ್ದು ಎಷ್ಟೋ, ಹಾಗೆ ಏರಿ ಒಮ್ಮೆಲೇ ಬೀಳುವ ಮುಳ್ಳು ನೋಡಿ ಅದರ ಹತ್ತು ಪಟ್ಟು ಹೆದರಬೇಕು. ಎರಡು ಕಿಲೋಮೀಟರ್ ಹೋಗುವುದರಲ್ಲಿ ಬಾನೆಟ್ಟಿನ ಸುತ್ತ ಆವಿ, ಎಂಜಿನ್ನಿನೊಳಗೆ ಕಟಕಟ ಸದ್ದು. ರಸ್ತೆ ಬದಿ ನಿಲ್ಲಿಸಿದೆ. ಮುಚ್ಚಳಕ್ಕೆ ಕೈ ಹಾಕುತ್ತಿದ್ದವನನ್ನು ಅಲ್ಲಿನ ಚಹಾದ ಅಂಗಡಿಯವ ತೆಲುಗಿನಲ್ಲಿ ಗದರಿಸಿ ತಡೆದ. ಪುಣ್ಯ. ಒಳಗಿನ ನೀರು ಒತ್ತಡದಲ್ಲಿರುತ್ತದೆ. ಮುಚ್ಚಳ ಬಿಗಿಯಾಗಿರುವ ತನಕ ನೂರು ಡಿಗ್ರಿ ದಾಟಿದರೂ ಕುದಿಯದೆ ಕಾದು ಕೂತಿರುತ್ತದೆ. ತೆಗೆದ ಗಳಿಗೆಗೆ ಒಟ್ಟಿಗೇ ಕುದ್ದು ಮುಖಕ್ಕೆ ಹಾರುತ್ತದೆ. ಮುಕ್ಕಾಲು ತಾಸು ಕಾದು, ಅವನ ಹತ್ತಿರವೇ ಒಂದು ಕೊಡ ನೀರು ಪಡೆದು, ಇಪ್ಪತ್ತು ಕಿಲೋಮೀಟರಿಗೊಮ್ಮೆ ನಿಂತು ಬೀದರ್ ಮುಟ್ಟಿದಾಗ ಹನ್ನೊಂದು ಗಂಟೆ.

ಹೊಲದಲ್ಲಿ ಎಲ್ಲರೂ ನಮಗಾಗಿ ಕಾದಿದ್ದರು. ಚರಗ ಚೆಲ್ಲುವಾಗ ಅಪ್ಪ ಚಪ್ಪಲಿ ಬಿಟ್ಟು ತೊಗರಿಯ ಸಾಲಿನ ನಡುವೆ "ಹುಲುಲಿಗೋ" ಅನ್ನುತ್ತ ನಡೆದರು. ಊಟಕ್ಕೆ ಕೂತಾಗ ಮೂರು ಸಲ ತಂಬಿಗೆ ಎತ್ತಿ ನೀರು ಕುಡಿದರು. ಎರಡು ಸಲ ಬೇಲಿಯ ಕಡೆ ಎದ್ದು ಹೋದರು. ಅಂಗಿ ಹೆಗಲಿನ ಮೇಲೆ ಜೋತು ಬಿದ್ದಂತಿತ್ತು. ಕಾಕಾ ಒಬ್ಬರು, "ಮಾಸ್ತರ್ ಭಾಳ ಇಳದೀರಲ್ರಿ" ಅಂದರು. "ಥಂಡಿಗಿ ಹಂಗೇ ಆಗ್ತದ" ಅಂತ ಅಪ್ಪ ನಕ್ಕರು. ನಾನು ಆ ಹೊತ್ತಿಗೆ ಅಣ್ಣತಮ್ಮಂದಿರನ್ನೆಲ್ಲ ಕಾರಿನ ಸುತ್ತ ನಿಲ್ಲಿಸಿಕೊಂಡು ಮುಳ್ಳು ಹೇಗೆ ಏರಿತು, ಹೇಗೆ ಇಳಿಯಿತು ಅಂತ ವರ್ಣಿಸುತ್ತಿದ್ದೆ.

ಭಾನುವಾರ ಹತ್ತು ಲೀಟರಿನ ಎರಡು ಕ್ಯಾನ್ ನೀರು ಹೇರಿಕೊಂಡು ಹೈದರಾಬಾದಿಗೆ ವಾಪಸಾದೆ. ಆ ವಾರವೇ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಒಬ್ಬ ಹಿರಿಯರ ಹತ್ತಿರ ನನ್ನ ಕಷ್ಟ ತೋಡಿಕೊಂಡೆ. ಗದಗಿನವರು, ರೈಲ್ವೆಯ ಡೀಸೆಲ್ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಾವೆಲ್ಲ ಕಾಕಾ ಅನ್ನುತ್ತಿದ್ದೆವು.

"ಅಲ್ಲೋ ತಮ್ಮಾ, ದಿನಾ ನೀರು ಹಾಕೂದು ಇಲಾಜು ಅಲ್ಲ. ಎಷ್ಟು ಹಾಕ್ತಿ?"

"ಕಡಿಮೆ ಆದಷ್ಟು ಹಾಕ್ತೀನ್ರಿ ಕಾಕಾ."

"ಅಂದ್ರ ನಿನಗ ಗೊತ್ತಿಲ್ಲ. ಒಂದು ವಹಿ ತಗೋ. ಮುಂಜಾನೆ ಎಂಜಿನ್ ತಣ್ಣಗಿದ್ದಾಗ, ಅದೇ ಜಾಗಾದಾಗ ನಿಲ್ಲಿಸಿ, ಅದೇ ಗೆರಿ ಮಟ ಅಳದು ಹಾಕು. ಎಷ್ಟು ಹೋತು, ಹಿಂದಿನ ದಿನ ಎಷ್ಟು ಓಡಿತು, ರಾತ್ರಿ ಥಂಡಿ ಎಷ್ಟಿತ್ತು ಅಂತ ಬರಿ. ಹತ್ತು ದಿವಸ ಬರಿ. ಆಮ್ಯಾಲ ಮೆಕ್ಯಾನಿಕ್ ಕಡೆ ಹೋಗು. ಲೆಕ್ಕಾ ಇಲ್ದ ಹೋದ್ರ ಅವ ತನಗ ಗೊತ್ತಿದ್ದದ್ದನ್ನ ಬಿಚ್ಚತಾನ."

ಸುಲ್ತಾನ್ ಬಜಾರಿನ ಫುಟ್‌ಪಾತಿನಲ್ಲಿ ಕೆಂಪು ರಟ್ಟಿನ ಒಂದು ನೋಟ್‌ಬುಕ್ ಕೊಂಡೆ. ಅಳೆಯಲು ಮಗಳ ಹಾಲಿನ ಬಾಟಲಿ, ಅದರ ಮೇಲೆ ಎಂ.ಎಲ್. ಗೆರೆಗಳಿದ್ದವು. ಅವಳ ಅಳುವಿಗೆ ಕಿವಿಗೊಡದೆ ದಿನಾ ಮುಂಜಾನೆ ಆರಕ್ಕೆ ಅಂಗಳಕ್ಕಿಳಿದೆ. ಕಾರು ಕದಲದ ಭಾನುವಾರದ ಮರುದಿನ ಸೊನ್ನೆ. ಉಪ್ಪಲ್‌ಗೆ ಹೋಗಿ ಬಂದ ದಿನದ ಮರುಬೆಳಗ್ಗೆ 150. ಸಿಕಂದರಾಬಾದಿಗೂ ಹೋಗಿ ಬಂದಿದ್ದರೆ 200. ಎರಡು ರಾತ್ರಿ ಥಂಡಿ ಜಾಸ್ತಿ ಇತ್ತು. ಓಡಿಸಿದ್ದು ಅಷ್ಟೇ ಆದರೂ ಅವತ್ತು 250.

ಹತ್ತನೆಯ ದಿನ ಪುಟ್ಲಿಬೌಲಿಯ ಹಿಂದಿನ ಶೆಡ್ಡಿನ ಉಸ್ತಾದರ ಹತ್ತಿರ ಕಾಕಾ ನನ್ನನ್ನು ತಾವೇ ಕರೆದುಕೊಂಡು ಹೋದರು. ಬಿಳಿ ಗಡ್ಡದ ಸಣ್ಣ ಆಳು. ಕನ್ನಡಕವನ್ನು ಹಣೆಗೇರಿಸಿ ನನ್ನ ಬಾಯಿಂದ ಅಂಕಿಗಳನ್ನು ಕೇಳಿಸಿಕೊಂಡರು. "ಪಾನಿ ನೀಚೆ ನೈ ಗಿರಾ ತೋ ಊಪರ್ ಗಯಾ ಸಾಬ್. ತೀಸ್ರಾ ರಸ್ತಾ ನೈಚ್ ಹೈ." ನೀರು ಕೆಳಗೆ ಬೀಳದಿದ್ದರೆ ಮೇಲೆ ಹೋಗಿರಬೇಕು, ಮೂರನೆಯ ದಾರಿಯೇ ಇಲ್ಲ. ಕೂತ ಕಾರು ನೀರು ಕಳೆದುಕೊಳ್ಳುವುದಿಲ್ಲ, ಓಡಿ ನಿಂತ ಕಾರು ಕಳೆದುಕೊಳ್ಳುತ್ತದೆ, ಥಂಡಿಗೆ ಇನ್ನಷ್ಟು ಕಳೆದುಕೊಳ್ಳುತ್ತದೆ. ಈ ಮೂರು ಮಾತು ಸಾಕು ಅಂದರು. ಆದರೂ ಏನನ್ನೂ ಬಿಚ್ಚಲಿಲ್ಲ. "ನಾಳೆ ಮುಂಜಾನೆ ಬನ್ನಿ. ಕಾರು ಇಲ್ಲೇ ಇರಲಿ. ಬಿಸಿ ಎಂಜಿನ್ ಸುಳ್ಳು ಹೇಳುತ್ತದೆ" ಅಂದರು.

ಆ ರಾತ್ರಿ ರೇಡಿಯೇಟರಿನ ಬಾಯಿಗೆ ಮೀಟರ್ ಇದ್ದ ಒಂದು ಕೈಪಂಪನ್ನು ಕೂಡಿಸಿ, ಒಂದು ಕೆ.ಜಿ. ಒತ್ತಡ ಕೊಟ್ಟು ಬಿಟ್ಟಿದ್ದರಂತೆ. ಬೆಳಗ್ಗೆ ನಾನು ಹೋದಾಗ ಮೀಟರ್ ಅರ್ಧಕ್ಕಿಂತ ಕೆಳಗೆ. ನೆಲ ಒಣ, ಪೈಪುಗಳು ಒಣ, ವಾಟರ್ ಪಂಪಿನ ಸುತ್ತ ಒಣ. ಆಮೇಲೆ ಮೂರೂ ಪ್ಲಗ್ ಬಿಚ್ಚಿ ಒಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಎರಡು ಕಂದು ಬಣ್ಣದವು. ನಡುವಿನದು ಮಾತ್ರ ಈಗಷ್ಟೇ ತೊಳೆದಿಟ್ಟ ಹಾಗೆ ಬೆಳ್ಳಗೆ. ದಿನಾ ಆವಿಯಲ್ಲಿ ಸ್ನಾನ ಮಾಡಿದ ಪ್ಲಗ್ ಅದು. ನಡುವಿನ ತೂತಿನೊಳಗೆ ಟಾರ್ಚ್ ಬಿಟ್ಟು, "ಆವೋ ಸಾಬ್, ದೇಖೋ" ಅಂದರು. ಕೆಳಗೆ ಪಿಸ್ಟನ್ನಿನ ತಲೆ ಒದ್ದೆಯಾಗಿ ಹೊಳೆಯುತ್ತಿತ್ತು. ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದರು. ನಡುವಿನ ತೂತಿನಿಂದ ನೀರು ಚಿರ್ರನೆ ಚಿಮ್ಮಿ ನನ್ನ ಅಂಗಿಯ ಮೇಲೆ ಬಿತ್ತು. ಎರಡು ತಿಂಗಳು ನಾನು ನೆಲದ ಮೇಲೆ ಹುಡುಕಿದ ನೀರು!

ಎಂಜಿನ್ನಿನ ಕೆಳಗಿನ ಬ್ಲಾಕು ಬೀಡು ಕಬ್ಬಿಣದ್ದು, ಮೇಲಿನ ಹೆಡ್ಡು ಅಲ್ಯೂಮಿನಿಯಂದು. ನಡುವೆ ತೆಳ್ಳಗಿನ ಹೆಡ್ ಗ್ಯಾಸ್ಕೆಟ್. ಕಾದಾಗ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ, ತಣ್ಣಗಾದಾಗ ಅಷ್ಟೇ ಕುಗ್ಗುತ್ತದೆ. ಎರಡು ಸ್ವಭಾವದ ಇಬ್ಬರನ್ನು ಒಂದು ಮನೆಯಲ್ಲಿ ಹೊಂದಿಸುವ ಕೆಲಸ ಆ ಗ್ಯಾಸ್ಕೆಟ್ಟಿನದು. ನಮ್ಮದರ ಗ್ಯಾಸ್ಕೆಟ್ ನಡುವಿನ ಸಿಲಿಂಡರಿನ ಅಂಚಿನಲ್ಲಿ ಸುಟ್ಟು ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ಬೇಸಿಗೆಯಲ್ಲಿ ಲೋಹ ಹಿಗ್ಗಿ ಆ ಸಂದಿ ಮುಚ್ಚಿಕೊಳ್ಳುತ್ತಿತ್ತು. ಚಳಿಗಾಲದ ರಾತ್ರಿ, ಓಡಿ ಬಂದು ನಿಂತ ಎಂಜಿನ್ ತಣ್ಣಗಾಗುತ್ತ ಸಂದಿ ತೆರೆಯುತ್ತಿತ್ತು. ಪೈಪಿನಲ್ಲಿ ಉಳಿದ ಒತ್ತಡ ನೀರನ್ನು ಮೆಲ್ಲಗೆ ಸಿಲಿಂಡರಿನೊಳಗೆ ನೂಕುತ್ತಿತ್ತು. ಬೆಳಗಿನ ನಡುಕ ಆ ನೀರಿನದು, ಹತ್ತು ನಿಮಿಷದ ಬಿಳಿ ಹೊಗೆಯೂ ಅದರದೇ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದಾಗ ಉಲ್ಟಾ: ಸಿಲಿಂಡರಿನ ಉರಿಗಾಳಿ ನೀರಿನೊಳಗೆ ನುಗ್ಗಿ, ನೀರನ್ನು ಬಾಟಲಿಯ ಮೂಲಕ ಹೊರಗೆ ದಬ್ಬುತ್ತಿತ್ತು.

ಉಸ್ತಾದರು ಪಂಪು ಮೀಟರು ಇಲ್ಲದವರಿಗೆ ಒಂದು ಪರೀಕ್ಷೆಯನ್ನೂ ಹೇಳಿಕೊಟ್ಟರು. ಮುಂಜಾನೆ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಒಂದೆರಡು ನಿಮಿಷದಲ್ಲಿ ರೇಡಿಯೇಟರಿನ ಮೇಲಿನ ರಬ್ಬರ್ ಪೈಪನ್ನು ಹಿಚುಕಿ ನೋಡಬೇಕು. ನೀರು ಇನ್ನೂ ಕಾಯದಿರುವಾಗಲೇ ಪೈಪು ಕಲ್ಲಿನಂತೆ ಗಟ್ಟಿಯಾದರೆ, ಆ ಒತ್ತಡ ನೀರಿನದಲ್ಲ, ಸಿಲಿಂಡರಿನದು. ಆಮೇಲೆ ನನ್ನ ಕಡೆ ತಿರುಗಿ, ಬರಿ ನಲ್ಲಿ ನೀರು ಯಾಕೆ ಹಾಕುತ್ತಿದ್ದಿರಿ ಅಂತ ಕೇಳಿದರು. ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಕೂಲೆಂಟ್ ಯಾಕೆ ಅಂದೆ. ಅವರು ನಕ್ಕರು. ಕೂಲೆಂಟ್ ಹೆಪ್ಪುಗಟ್ಟುವುದನ್ನು ಮಾತ್ರ ತಡೆಯುವುದಿಲ್ಲ, ನೀರು ಕುದಿಯುವ ಮಟ್ಟವನ್ನು ಏರಿಸುತ್ತದೆ, ಒಳಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ನನ್ನ ಕಾರಿನ ಒಳದಾರಿಗಳೆಲ್ಲ ತುಕ್ಕಿನ ಕೆಸರು.

ಹೆಡ್ ಬಿಚ್ಚಿದರು. ಉಕ್ಕಿನ ನೇರ ಪಟ್ಟಿಯೊಂದನ್ನು ಅದರ ಮೇಲಿಟ್ಟು, ಸಂದಿಯಲ್ಲಿ ಫೀಲರ್ ಗೇಜಿನ ತೆಳು ತಗಡನ್ನು ತೂರಿಸಿ ತೋರಿಸಿದರು. ಸದಾಶಿವಪೇಟೆಯ ಆಚೆ ನಾನು "ಸರಿ ಆಯ್ತು" ಅಂತ ಓಡಿಸಿದ ಎರಡು ಕಿಲೋಮೀಟರಿನಲ್ಲಿ ಹೆಡ್ ಬಾಗಿತ್ತು. ಲೇತಿಗೆ ಕಳಿಸಿ ಮುಖ ಸಮ ಮಾಡಿಸಿ, ಪುಟ್ಲಿಬೌಲಿಯ ಅಂಗಡಿಯಿಂದ ಹೊಸ ಗ್ಯಾಸ್ಕೆಟ್ಟು, ಹೊಸ ಥರ್ಮೋಸ್ಟಾಟ್ ತರಿಸಿ ಕೂಡಿಸಿದರು. ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ, ಒಮ್ಮೆಲೇ ಬಿಗಿಯದೆ, ಮೂರು ಸುತ್ತಿನಲ್ಲಿ ಬಿಗಿದರು. "ಹಳ್ಳೂ ಹಳ್ಳೂ" ಅಂತ ಹುಡುಗನಿಗೆ ಹೇಳುತ್ತಲೇ ಇದ್ದರು. ಮೆಲ್ಲಗೆ, ಮೆಲ್ಲಗೆ. ಆಮೇಲೆ ಆರು ದಿನ ನನ್ನ ನೋಟ್‌ಬುಕ್ಕಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.

2009ರ ಜನವರಿ 26 ಸೋಮವಾರ. ಶನಿವಾರವೇ ಬೀದರಿಗೆ ಹೊರಟೆ. ಮುಳ್ಳು ಅರ್ಧಕ್ಕೆ ನಿಂತದ್ದು ಬೀದರ್ ತನಕ ಅಲುಗಲಿಲ್ಲ. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಅಪ್ಪನಿಗೆ ನೋಟ್‌ಬುಕ್ ತೋರಿಸಿ ಪೂರ್ತಿ ಕಥೆ ಹೇಳಿದೆ. ಅಪ್ಪ ಹೈಸ್ಕೂಲ್ ಮಾಸ್ತರರಾಗಿದ್ದವರು, ಕಾರಣ ಸಿಕ್ಕರೆ ಅವರಿಗೆ ಹಬ್ಬ. "ನಮ್ಮ ನೌಬಾದಿನ ಸುರಂಗ ಬಾವಿ ಇದ್ದಂಗ ನೋಡು. ಮ್ಯಾಲ ಹೊಲ ಒಣಾ, ನೆಲದ ಒಳಗ ನೀರು ಹರೀತಿತ್ತು. ಬಹಮನಿಯವರ ಕಾಲಕ್ಕ ಮಾಡಿದ್ದು. ಬಾಯಿ ತೆಗದು ಇಣುಕಿದವನಿಗೇ ಗೊತ್ತು" ಅಂತ ಖುಷಿಯಿಂದ ಹೇಳಿ, ತಂಬಿಗೆ ಎತ್ತಿ ನೀರು ಕುಡಿದರು.

ಒಳಗಿನಿಂದ ಅವ್ವ ಬಂದು ಬಾಗಿಲಿಗೆ ಒರಗಿ ನಿಂತಳು. ಸಿಟ್ಟಿರಲಿಲ್ಲ ದನಿಯಲ್ಲಿ.

"ಕಾರು ಎಷ್ಟು ನೀರು ಕುಡೀತು ಅಂತ ದಿನಾ ಬರದಿಟ್ಟಿ. ನಿಮ್ಮಪ್ಪ ರಾತ್ರಿಗಿ ಎಷ್ಟು ತಂಬಿಗಿ ಕುಡಿತಾರ, ಎಷ್ಟು ಸಲ ಏಳತಾರ, ಅದು ಬರದಿಟ್ಟಿ ಏನ್?"

ಯಾರೂ ಮಾತಾಡಲಿಲ್ಲ. ಪ್ರತಿ ಭಾನುವಾರ ನಾನು ಫೋನ್ ಮಾಡುತ್ತಿದ್ದೆ. "ಹ್ಯಾಂಗಿದ್ದೀರಿ?" "ಆರಾಮ." "ಅವ್ವ?" "ಆರಾಮ." ಒಂದೂವರೆ ನಿಮಿಷ. ತಿಂಗಳ ಮೊದಲಿಗೆ ದುಡ್ಡು ಕಳಿಸುತ್ತಿದ್ದೆ. ಬಾಟಲಿ ತುಂಬಿಸಿ ಮುಚ್ಚಳ ಹಾಕಿದ ಹಾಗೆ. ಅವತ್ತು ರಾತ್ರಿ ನಾನು ಪಡಸಾಲೆಯಲ್ಲೇ ಮಲಗಿ ನಿದ್ದೆ ಮಾಡದೆ ಎಣಿಸಿದೆ. ಅಪ್ಪ ಐದು ಸಲ ಎದ್ದರು. ಆರು ಸಲ ನೀರು ಕುಡಿದರು. ಸೋಮವಾರ ರಜೆ ಮುಗಿಸಿಕೊಂಡೇ ಹೊರಡುವುದೆಂದಿದ್ದವನು, ಭಾನುವಾರ ಮುಂಜಾನೆಯೇ ಅವರನ್ನು ಕಾರಿನಲ್ಲಿ ಕೂಡಿಸಿಕೊಂಡು ಹೈದರಾಬಾದಿಗೆ ಬಂದೆ. ದಾರಿಯಲ್ಲಿ ಮೂರು ಕಡೆ ನಿಲ್ಲಿಸಿದೆ. ಈ ಸಲ ಕಾರಿಗಾಗಿ ಅಲ್ಲ.

ಸಕ್ಕರೆ ಮುನ್ನೂರ ನಲವತ್ತು. ರಕ್ತದಲ್ಲಿ ಸಕ್ಕರೆ ಅಷ್ಟಾದರೆ ಮೂತ್ರಪಿಂಡ ಅದನ್ನು ಹಿಡಿದಿಡಲಾಗದೆ ಹೊರಗೆ ಬಿಡುತ್ತದೆ. ಸಕ್ಕರೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ, ಅದಕ್ಕೇ ಬಾಯಾರಿಕೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಚಳಿಗೆ ಹೆಚ್ಚು ಸಲ ಏಳುವುದು ಸಹಜ ಅಂತ ಎಲ್ಲರೂ ಅಂದುಕೊಂಡಿದ್ದರಿಂದ ಥಂಡಿ ಇದನ್ನು ಮರೆಮಾಡಿತ್ತು. ಆಮೇಲೆ ಡಾಕ್ಟರು ಕಾಲು ನೋಡಿದರು. ಎಡಗಾಲಿನ ಕಿರುಬೆರಳಿನ ಕೆಳಗೆ ಒಂದು ಗಾಯ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಬರಿಗಾಲಲ್ಲಿ ನಡೆದಾಗ ಮುಳ್ಳು ಮುರಿದಿತ್ತಂತೆ. ನೋವೇ ಆಗಲಿಲ್ಲ ಅಂದರು ಅಪ್ಪ. ನೋವಾಗದ್ದೇ ರೋಗ ಅಂದರು ಡಾಕ್ಟರು. ಕಾಲು ಉಳಿಯಿತು, ಬೆರಳು ಉಳಿಯಲಿಲ್ಲ. ಬಾಗಿದ ಹೆಡ್ಡನ್ನು ಲೇತಿಗೆ ಕಳಿಸಿ ಸಮ ಮಾಡಿಸಬಹುದು. ಬೆರಳಿಗೆ ಅಂಥ ಲೇತಿಲ್ಲ.

ಒಂದು ತಿಂಗಳು ಅಪ್ಪ ಸುಲ್ತಾನ್ ಬಜಾರಿನ ಆ ಮಹಡಿಯಲ್ಲಿದ್ದರು. ಕಿಟಕಿಯಲ್ಲಿ ಕೂತು ಕೆಳಗಿನ ಗದ್ದಲ ನೋಡುವುದು, ಮಾಲೀಕರ ಜೊತೆ ಮರಾಠಿಯಲ್ಲಿ ಹರಟುವುದು. ಒಂದು ದಿನ ನನ್ನ ಕೆಂಪು ರಟ್ಟಿನ ನೋಟ್‌ಬುಕ್ ಕೇಳಿ ತೆಗೆದುಕೊಂಡರು. ನನ್ನ ಎರಡು ಪುಟದ ಕೆಳಗೆ ಸ್ಕೇಲಿಟ್ಟು ಒಂದು ಗೆರೆ ಎಳೆದು, ಮರುಪುಟದಿಂದ ತಮ್ಮ ಉರುಟು ಅಕ್ಷರದಲ್ಲಿ ಬರೆಯತೊಡಗಿದರು: ತಾರೀಖು, ಉಪವಾಸದ್ದು, ಊಟದ ನಂತರದ್ದು. ಅದು ತುಂಬಿದ ಮೇಲೆ ಇನ್ನೊಂದು, ಮತ್ತೊಂದು. ಹನ್ನೊಂದು ವರ್ಷ ಬರೆದರು.

ಕಾರನ್ನು 2013ರಲ್ಲಿ ಮಾರಿದೆ. ಉಸ್ತಾದರ ಶೆಡ್ಡಿನ ಜಾಗದಲ್ಲಿ ಈಗ ಬೇರೆ ಅಂಗಡಿ. ಸುಲ್ತಾನ್ ಬಜಾರಿನ ನೆತ್ತಿಯ ಮೇಲೆ 2020ರ ಫೆಬ್ರವರಿಯಿಂದ ಮೆಟ್ರೋ ಓಡುತ್ತಿದೆ. ಕೆಳಗಿನ ಗದ್ದಲ ಮಾತ್ರ ಹಾಗೇ ಇದೆ. ಅಪ್ಪನ ಸಕ್ಕರೆ ಈಗ ನನಗೂ ಬಂದಿದೆ. ಹಾಲಿನ ಬಾಟಲಿಗಾಗಿ ಅತ್ತ ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ನಾನು ಯಾವ ನಾಡಿನಿಂದ ಹೊರಬಿದ್ದೆನೋ ಆ ನಾಡಿನಲ್ಲಿ ಅವಳೀಗ ಹೊರಗಿನವಳು. ಭಾನುವಾರ ಅವಳ ಫೋನು ಬರುತ್ತದೆ. ಅವಳು 'ಆರಾಮ ಇದ್ದೀರಾ' ಅಂತ ಕೇಳುವುದಿಲ್ಲ.

"ಅಪ್ಪಾ, ಇವತ್ತು ಮುಂಜಾನೆ ಎಷ್ಟು?" ಅಂತ ಕೇಳುತ್ತಾಳೆ.

ನಾನು ಎದ್ದು ಹೋಗಿ ನೋಟ್‌ಬುಕ್ ನೋಡಿ ಹೇಳುತ್ತೇನೆ.